ಹಾರ್ಡ್ ಡಿಸ್ಕ್ ಲಾಕ್ ಆಗಿದೆಯೋ, ಕೈ ಕೊಡ್ತಿದೆಯೋ? ಲಿನಕ್ಸ್‌ನಲ್ಲಿ ಪತ್ತೆ ಮಾಡುವ ಬಗೆ

ಗೆಳೆಯನೊಬ್ಬ ಒಂದು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. ಅವನದ್ದು ಮದುವೆ ಫೋಟೋ ತೆಗೆಯುವ ಕೆಲಸ. "ಡಿಸ್ಕ್ ಲಾಕ್ ಆಗ್ಬಿಟ್ಟಿದೆ ಮಾರಾಯಾ. ಫೋಟೋ ಎಲ್ಲ ಕಾಣ್ತವೆ, ಹೊಸದು ಹಾಕೋಕೆ ಬಿಡ್ತಿಲ್ಲ" ಅಂದ. ಯಾರೋ ಹೇಳಿದರು ಅಂತ ಎಫ್‌ಎಸ್‌ಸಿಕೆ (ಡಿಸ್ಕಿನ ಲೆಕ್ಕಪತ್ರ ರಿಪೇರಿ ಮಾಡುವ ಆಜ್ಞೆ) ಓಡಿಸಲು ಕೂತಿದ್ದ. ಎಂಟರ್ ಒತ್ತುವುದೊಂದು ಬಾಕಿ. ನಿಲ್ಲಿಸು ಅಂದೆ. ಕರ್ನಲ್ (ಲಿನಕ್ಸಿನ ತಿರುಳು) ಬರೆದ ಸಂದೇಶ ನೋಡಿದರೆ ಓದಲಾಗದ ಸೆಕ್ಟರ್‌ಗಳ, ಅಂದರೆ ಡಿಸ್ಕಿನ ಪುಟ್ಟ ತುಣುಕುಗಳ, ಉದ್ದ ಸಾಲು. ಡಿಸ್ಕ್ ಸಾಯುತ್ತಿತ್ತು. ಅದನ್ನು ಕಂಡೇ ಲಿನಕ್ಸ್ ಬರೆಯುವುದಕ್ಕೆ ಬೀಗ ಹಾಕಿತ್ತು.

ತಿಂಗಳ ನಂತರ ನನ್ನ ತಂಗಿಯದ್ದೂ ಅದೇ ದೂರು, ಹೆಚ್ಚುಕಡಿಮೆ ಅದೇ ಮಾತು. ಅಲ್ಲಿ ಆಗಿದ್ದು ಇಷ್ಟೇ: ವಿಂಡೋಸ್ ಪೂರ್ತಿ ಮುಚ್ಚಿರಲಿಲ್ಲ. ಅವಳದ್ದು ಎರಡು ನಿಮಿಷದ ಕೆಲಸ, ಅವನದ್ದು ಎರಡು ದಿನದ ಕೆಲಸ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ.

ಅದಕ್ಕೇ, ಯಾವುದು ಅಂತ ಗೊತ್ತಾಗುವವರೆಗೆ ಆ ಡಿಸ್ಕಿಗೆ ಏನನ್ನೂ ಬರೆಯಬೇಡಿ. ರಿಪೇರಿ ಕೂಡ ಬರವಣಿಗೆಯೇ. ಕೆಳಗಿನ ಪರೀಕ್ಷೆಗಳಲ್ಲಿ ಮೊದಮೊದಲಿನವು ಬರೀ ಓದುವಂಥವು.

ಆಜ್ಞೆಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ಹೆಚ್ಚಿನವಕ್ಕೆ ಮೊದಲಿಗೆ ಸುಡೋ (ಅಡ್ಮಿನ್ ಅಧಿಕಾರ ಕೊಡುವ ಪದ) ಬೇಕು. ಡಿಸ್ಕಿನ ಹೆಸರು ಎಸ್‌ಡಿಬಿ ಅಂತ ಇಟ್ಟುಕೊಂಡಿದ್ದೇನೆ. ನಿಮ್ಮದು ಬೇರೆ ಇರಬಹುದು, "ಎಲ್‌ಎಸ್‌ಬಿಎಲ್‌ಕೆ" ಕೊಟ್ಟು ಗಾತ್ರ, "ಎಲ್‌ಎಸ್‌ಬಿಎಲ್‌ಕೆ -ಎಫ್" ಕೊಟ್ಟು ಲೇಬಲ್ ನೋಡಿ ಖಾತ್ರಿ ಮಾಡಿಕೊಳ್ಳಿ.

ಬೀಗದ ಚಿತ್ರ ಕಾಣುತ್ತೆ, ಬರೆಯಲು ಬಿಡುತ್ತಿಲ್ಲ

ಬೀಗ ಕೆಲವೇ ಫೋಲ್ಡರ್‌ಗಳ ಮೇಲಿದೆಯೋ, ಇಡೀ ಡಿಸ್ಕಿಗೆ ಇದೇ ಕಥೆಯೋ ಅಂತ ಮೊದಲು ನೋಡಿ. ಕೆಲವೇ ಫೋಲ್ಡರ್ ಆದರೆ ಡಿಸ್ಕಿಗೇನೂ ಆಗಿಲ್ಲ, ಅನುಮತಿಯ ತಕರಾರು. ಇಎಕ್ಸ್‌ಟಿ4 (ಲಿನಕ್ಸಿನ ಫೈಲ್‌ಸಿಸ್ಟಮ್, ಅಂದರೆ ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಕ್ರಮ) ಡಿಸ್ಕನ್ನು ಬೇರೆ ಕಂಪ್ಯೂಟರಿನಲ್ಲಿ ತುಂಬಿಸಿ ತಂದಾಗ ಹೀಗಾಗುತ್ತದೆ. ಫೈಲಿನ ಮಾಲೀಕ ಯಾರು ಅನ್ನುವುದನ್ನು ಲಿನಕ್ಸ್ ಹೆಸರಿನಲ್ಲಿ ಬರೆದಿಡುವುದಿಲ್ಲ, ನಂಬರಿನಲ್ಲಿ ಬರೆದಿಡುತ್ತದೆ. ಅಲ್ಲಿ ನೀವು 1001, ಇಲ್ಲಿ 1000 ಆಗಿದ್ದರೆ ನಿಮ್ಮದೇ ಫೈಲಿಗೆ ನೀವೇ ಹೊರಗಿನವರು. "ಎಲ್‌ಎಸ್ -ಎಲ್‌ಎನ್" ಕೊಟ್ಟರೆ ಈ ನಂಬರ್ ಕಾಣುತ್ತದೆ. ಸುಡೋ ಹಾಕಿ ಮಾಲೀಕತ್ವ ಬದಲಿಸಿದರೆ ಮುಗಿಯಿತು.

ಎಸ್‌ಡಿ ಕಾರ್ಡ್ ಆಗಿದ್ದರೆ ಪಕ್ಕದಲ್ಲಿರುವ ಪುಟ್ಟ ಲಾಕ್ ಗುಂಡಿ ನೋಡಿ. ನಗಬೇಡಿ, ನಾನೇ ಅರ್ಧ ಗಂಟೆ ಕಳೆದಿದ್ದೇನೆ.

ಇಡೀ ಡಿಸ್ಕ್ ಬರೆಯಲು ಬಿಡುತ್ತಿಲ್ಲ, ಅದು ಎನ್‌ಟಿಎಫ್‌ಎಸ್ (ವಿಂಡೋಸಿನ ಫೈಲ್‌ಸಿಸ್ಟಮ್), ಅದೇ ಡಿಸ್ಕನ್ನು ವಿಂಡೋಸ್ ಕೂಡ ಬಳಸುತ್ತದೆ ಅಂದರೆ ಮೊದಲ ಅನುಮಾನ ಫಾಸ್ಟ್ ಸ್ಟಾರ್ಟಪ್ ಮೇಲೆ. ವಿಂಡೋಸಿನಲ್ಲಿ ಶಟ್‌ಡೌನ್ ಒತ್ತಿದರೂ ಅದು ಪೂರ್ತಿ ಮುಚ್ಚುವುದಿಲ್ಲ, ಅರೆನಿದ್ದೆಗೆ ಹೋಗುತ್ತದೆ. ಡಿಸ್ಕಿನ ಲೆಕ್ಕಪತ್ರ ಇನ್ನೂ ಅದರ ಕೈಯಲ್ಲೇ ಇರುತ್ತದೆ. ಈ ಹೊತ್ತಿನಲ್ಲಿ ಲಿನಕ್ಸ್ ಬರೆದರೆ ಎರಡರ ಲೆಕ್ಕವೂ ಕೆಡುತ್ತದೆ. ಹಾಗಾಗಿ ಲಿನಕ್ಸ್ ಓದಲು ಮಾತ್ರ ಬಿಡುತ್ತದೆ, ಕೆಲವೊಮ್ಮೆ ಮೌಂಟ್ ಮಾಡುವುದಕ್ಕೇ, ಅಂದರೆ ಡಿಸ್ಕನ್ನು ಬಳಕೆಗೆ ಜೋಡಿಸಿಕೊಳ್ಳುವುದಕ್ಕೇ, ಒಪ್ಪುವುದಿಲ್ಲ. ಸರಿಯಾದ ದಾರಿ ವಿಂಡೋಸಿಗೇ ವಾಪಸ್ ಹೋಗುವುದು. ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕೊಡಿ. ಕಾಯಂ ಪರಿಹಾರ ಬೇಕಾದರೆ ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ "ಪವರ್‌ಸಿಎಫ್‌ಜಿ /ಎಚ್ ಆಫ್" ಕೊಡಿ. ಎನ್‌ಟಿಎಫ್‌ಎಸ್‌ಫಿಕ್ಸ್ ಅಂತ ಲಿನಕ್ಸ್‌ನಲ್ಲೂ ಒಂದು ಉಪಕರಣ ಇದೆ. ಅದು ಸಣ್ಣಪುಟ್ಟ ತೇಪೆ ಹಾಕುತ್ತದೆ ಅಷ್ಟೆ, ವಿಂಡೋಸಿನ ಚೆಕ್‌ಡಿಸ್ಕ್‌ಗೆ ಬದಲಿ ಅಲ್ಲ. ವಿಂಡೋಸ್ ಕೈಗೆ ಸಿಗುವ ಹಾಗಿದ್ದರೆ ನಾನಂತೂ ಅದನ್ನು ಮುಟ್ಟಲ್ಲ.

ಇಎಕ್ಸ್‌ಟಿ4 ಡಿಸ್ಕ್ ಬೆಳಿಗ್ಗೆವರೆಗೆ ಚೆನ್ನಾಗಿದ್ದು, ಕೆಲಸದ ನಡುವೆ ಇದ್ದಕ್ಕಿದ್ದಂತೆ "ರೀಡ್-ಓನ್ಲಿ" ಅಂದರೆ ಅದು ಬೇರೆಯೇ ವಿಷಯ. ಫೈಲ್‌ಸಿಸ್ಟಮ್‌ನಲ್ಲಿ ತಪ್ಪು ಕಂಡರೆ ಓದಲು ಮಾತ್ರ ಬಿಡು ಅಂತ ಹೆಚ್ಚಿನ ಕಡೆ ಮೊದಲೇ ಹೇಳಿಟ್ಟಿರುತ್ತಾರೆ, ಕರ್ನಲ್ ಅದನ್ನೇ ಪಾಲಿಸಿದೆ. ಇಲ್ಲಿ ಹೆಚ್ಚಿನವರು ಮಾಡುವ ತಪ್ಪು, "ರೀಮೌಂಟ್, ಆರ್‌ಡಬ್ಲ್ಯೂ" ಕೊಟ್ಟು ಬಲವಂತವಾಗಿ ಬರೆಯಲು ಹೋಗುವುದು. ಬೀಗ ಯಾಕೆ ಬಿತ್ತು ಅಂತ ಕೇಳದೆ ಬೀಗ ಒಡೆದ ಹಾಗೆ ಅದು.

ಕೇಳುವುದು ಹೀಗೆ:

ಸುಡೋ ಡಿಮೆಸ್‌ಜಿ -ಡಬ್ಲ್ಯೂ

ಮೊದಲ ಪದ ಬಿಟ್ಟರೆ ಅಕ್ಷರಗಳು ಡಿ-ಎಂ-ಇ-ಎಸ್-ಜಿ. ಇದು ಕರ್ನಲ್ಲಿನ ದಿನಚರಿ, ಹೊಸ ಸಾಲು ಬಂದ ಹಾಗೆ ತೋರಿಸುತ್ತಾ ಹೋಗುತ್ತದೆ. ಬರೀ ಇಎಕ್ಸ್‌ಟಿ4 ದೂರುತ್ತಿದ್ದರೆ ಕರೆಂಟ್ ಹೋಗಿಯೋ, ಇಜೆಕ್ಟ್ ಮಾಡದೆ ಎಳೆದೋ ಲೆಕ್ಕ ಕೆಟ್ಟಿರಬಹುದು. ಅದರ ಮೇಲ್ಗಡೆ "ಐ/ಓ ಎರರ್" ಅನ್ನುವ ಸಾಲೂ ಇದ್ದರೆ ತೊಂದರೆ ಡಿಸ್ಕಿನದ್ದು ಅಥವಾ ಅದಕ್ಕೆ ಹೋಗುವ ತಂತಿಯದ್ದು.

ಇಜೆಕ್ಟ್ ಕೊಟ್ಟರೆ "ಬ್ಯುಸಿ" ಅನ್ನುತ್ತೆ

ಇದು ದೋಷವೇ ಅಲ್ಲ, ಬಹುಪಾಲು. ಯಾವುದೋ ಪ್ರೋಗ್ರಾಂ ಇನ್ನೂ ಡಿಸ್ಕ್ ಹಿಡಿದುಕೊಂಡಿದೆ. ಟರ್ಮಿನಲ್ ಅದೇ ಫೋಲ್ಡರಿನಲ್ಲಿ ನಿಂತಿದ್ದರೂ ಸಾಕು. "ಫ್ಯೂಸರ್ -ವಿಎಂ" ಅಂತ ಬರೆದು ಮುಂದೆ ಮೌಂಟ್ ಆದ ಜಾಗ ಕೊಟ್ಟರೆ ಯಾರು ಹಿಡಿದಿದ್ದಾರೆ ಅಂತ ಹೇಳುತ್ತದೆ. ದೊಡ್ಡ ಫೈಲ್ ಕಾಪಿ ಮಾಡಿದ ಮೇಲೆ ಸ್ವಲ್ಪ ಕಾಯಿರಿ. ಪರದೆಯಲ್ಲಿ ಕಾಪಿ ಮುಗಿದರೂ ಡೇಟಾ ಇನ್ನೂ ರ‍್ಯಾಮ್‌ನಿಂದ ಡಿಸ್ಕಿಗೆ ಇಳಿಯುತ್ತಿರುತ್ತದೆ.

ಪಾಸ್‌ವರ್ಡ್ ಕೇಳುತ್ತೆ, ಕೊಟ್ಟರೂ ತೆರೆಯಲ್ಲ

"ಎಲ್‌ಎಸ್‌ಬಿಎಲ್‌ಕೆ -ಎಫ್" ಮಾಡಿದಾಗ ಪಾರ್ಟಿಶನ್ (ಡಿಸ್ಕಿನ ಒಂದು ವಿಭಾಗ) ಎದುರು "ಕ್ರಿಪ್ಟೋ ಲಕ್ಸ್" ಅಂತ ಬಂದರೆ ಅದು ಲಿನಕ್ಸಿನ ಎನ್‌ಕ್ರಿಪ್ಶನ್. "ಬಿಟ್‌ಲಾಕರ್" ಅಂತ ಬಂದರೆ ವಿಂಡೋಸಿನದ್ದು.

ಲಕ್ಸ್ ಆದರೆ ಕ್ಯಾಪ್ಸ್ ಲಾಕ್, ನಮ್ ಲಾಕ್ ನೋಡಿ. ಆಮೇಲೆ ಕೀಬೋರ್ಡ್ ಲೇಔಟ್. ಬೂಟ್ ಆಗುವಾಗಿನ ಪಾಸ್‌ವರ್ಡ್ ಪರದೆಯ ಲೇಔಟ್ ಮತ್ತು ಡೆಸ್ಕ್‌ಟಾಪಿನ ಲೇಔಟ್ ಬೇರೆಬೇರೆ ಇರಬಹುದು. ಅಮೆರಿಕದ ಲೇಔಟಿನಲ್ಲಿ ಆ್ಯಟ್ ಚಿಹ್ನೆ ಇರುವ ಕೀಲಿಯಲ್ಲಿ ಬ್ರಿಟನ್ ಲೇಔಟ್ ಹಾಕಿದರೆ ಉದ್ಧರಣ ಚಿಹ್ನೆ ಬರುತ್ತದೆ. ಪಾಸ್‌ವರ್ಡ್‌ನಲ್ಲಿ ಇವೆರಡರಲ್ಲಿ ಒಂದಿದ್ದರೆ ಎಷ್ಟು ಸರಿ ಹೊಡೆದರೂ ತಪ್ಪೇ. ಕನ್ನಡ ಕೀಬೋರ್ಡ್ ಸೇರಿಸಿಕೊಂಡವರು ಅದು ಇಂಗ್ಲಿಷ್‌ನಲ್ಲಿದೆ ಅಂತ ಖಾತ್ರಿ ಮಾಡಿಕೊಳ್ಳಿ. ನಾನು ಮಾಡುವ ಉಪಾಯ: ಲೈವ್ ಯುಎಸ್‌ಬಿಯಿಂದ (ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್) ಬೂಟ್ ಮಾಡಿ, ನೋಟ್‌ಪ್ಯಾಡಿನಂಥದ್ದರಲ್ಲಿ ಪಾಸ್‌ವರ್ಡ್ ಟೈಪ್ ಮಾಡಿ ಕಣ್ಣಾರೆ ನೋಡಿ, ಆಮೇಲೆ ಅದನ್ನೇ ಕೊಡುವುದು. ಫೈಲ್ ಸೇವ್ ಮಾಡಬೇಡಿ ಅಷ್ಟೆ.

ಪಾಸ್‌ವರ್ಡ್ ಸರಿಯೇ ಇದ್ದು ತೆರೆಯದಿದ್ದರೆ ಲಕ್ಸ್ ಹೆಡರ್ ಕೆಟ್ಟಿರಬಹುದು. ಪಾರ್ಟಿಶನ್ನಿನ ಆರಂಭದ ಒಂದು ಸಣ್ಣ ಜಾಗ ಅದು, ಲಕ್ಸ್2ರಲ್ಲಿ ಸಾಮಾನ್ಯವಾಗಿ 16 ಎಂಬಿ. ನಿಜವಾದ ಕೀಲಿ ಇರುವುದು ಅಲ್ಲಿ. ನಿಮ್ಮ ಪಾಸ್‌ವರ್ಡ್ ಆ ಕೀಲಿಯ ಪೆಟ್ಟಿಗೆಯನ್ನು ತೆರೆಯುತ್ತದೆ ಅಷ್ಟೆ. ಪೆಟ್ಟಿಗೆಯೇ ಅಳಿಸಿಹೋದರೆ ಪಾಸ್‌ವರ್ಡ್ ನೆನಪಿದ್ದೂ ಪ್ರಯೋಜನ ಇಲ್ಲ, ಯಾವ ಅಂಗಡಿಯವರಿಂದಲೂ ಆಗದು. ಡಿಸ್ಕ್ ಚೆನ್ನಾಗಿರುವಾಗಲೇ ಕ್ರಿಪ್ಟ್‌ಸೆಟಪ್‌ನ "ಲಕ್ಸ್‌ಹೆಡರ್‌ಬ್ಯಾಕಪ್" (ಇದರಲ್ಲಿ ಹೆಡರ್, ಬ್ಯಾಕಪ್‌ಗಳ ಮೊದಲಕ್ಷರ ಮಾತ್ರ ದೊಡ್ಡದು) ಬಳಸಿ ಅದರ ನಕಲನ್ನು ಬೇರೆ ಕಡೆ ಇಟ್ಟವರಿಗೆ ಮಾತ್ರ ದಾರಿ ಉಂಟು.

ಬಿಟ್‌ಲಾಕರ್ ಆದರೆ 48 ಅಂಕಿಗಳ ರಿಕವರಿ ಕೀ ಬೇಕು. ಹೆಚ್ಚಿನವರಿಗೆ ಅದು ತಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲೇ ಸಿಗುತ್ತದೆ. "ನಾನು ಎನ್‌ಕ್ರಿಪ್ಟ್ ಮಾಡೇ ಇಲ್ವಲ್ಲ" ಅನ್ನುವವರು ಜಾಸ್ತಿ. ನಿಜ, ನೀವು ಮಾಡಿರಲಿಕ್ಕಿಲ್ಲ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ತಾನಾಗಿಯೇ ಮಾಡಿಕೊಳ್ಳುತ್ತದೆ. ಕೀ ಸಿಕ್ಕರೆ ಲಿನಕ್ಸ್‌ನಲ್ಲೇ ತೆರೆಯಬಹುದು. ಕ್ರಿಪ್ಟ್‌ಸೆಟಪ್ 2.3ರಿಂದ ಈಚೆಗೆ ಬಿಟ್‌ಲಾಕರ್ ಕೂಡ ಗೊತ್ತು.

ಮೂರನೆಯದು ಅಪರೂಪ, ಆದರೆ ಹಳೆಯ ಆಫೀಸ್ ಲ್ಯಾಪ್‌ಟಾಪಿನ ಡಿಸ್ಕ್ ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಗಂಟು ಬೀಳುತ್ತದೆ. ಡಿಸ್ಕ್ ಕಾಣುತ್ತದೆ, ಗಾತ್ರ ಸರಿ ಇರುತ್ತದೆ, ಒಂದೇ ಒಂದು ಸೆಕ್ಟರ್ ಓದಲು ಬಿಡಲ್ಲ. "ಎಚ್‌ಡಿಪಾರ್ಮ್" ಆಜ್ಞೆಗೆ ದೊಡ್ಡಕ್ಷರದ ಐ ಕೊಟ್ಟು ನೋಡಿ. ಕೊನೆಯಲ್ಲಿ ಸೆಕ್ಯುರಿಟಿ ಭಾಗದಲ್ಲಿ "ಲಾಕ್ಡ್" ಅಂತಿದ್ದು ಅದರ ಹಿಂದೆ "ನಾಟ್" ಇಲ್ಲದಿದ್ದರೆ ಡಿಸ್ಕಿಗೇ ಪಾಸ್‌ವರ್ಡ್ ಹಾಕಿದ್ದಾರೆ. ಮಾರಿದವರನ್ನೇ ಕೇಳಬೇಕು. ಪಕ್ಕದಲ್ಲಿ "ಫ್ರೋಜನ್" ಅಂತಿದ್ದರೆ ಗಾಬರಿ ಬೇಡ, ಬಯಾಸ್ ರಕ್ಷಣೆಗೆ ಅಂತ ಹಾಕುವ ತಡೆ ಅದು.

ಡಿಸ್ಕ್ ಕಾಣಿಸುತ್ತೆ, ಮಾಯವಾಗುತ್ತೆ, ಮತ್ತೆ ಬರುತ್ತೆ

ಇಲ್ಲಿ ನಾನು ದುಡ್ಡು ದಂಡ ತೆತ್ತಿದ್ದೇನೆ. ಮನೆಯ ಪಿಸಿಯಲ್ಲಿ ಡಿಸ್ಕ್ ಆಗಾಗ ಸ್ತಬ್ಧ ಆಗುತ್ತಿತ್ತು, ಡಿಮೆಸ್‌ಜಿ ತುಂಬ ಎರರ್. ಸತ್ತಿತು ಅಂದುಕೊಂಡು ಹೊಸದು ತಂದೆ. ಹೊಸದನ್ನು ಅದೇ ತಂತಿಗೆ ಹಾಕಿದೆ. ಅದೇ ಎರರ್! ಇನ್ನೂರು ರೂಪಾಯಿಯೂ ಇಲ್ಲದ ಸಾಟಾ ಕೇಬಲ್ ಹಾಳಾಗಿತ್ತು.

ಆವತ್ತೇ ಸರಿಯಾಗಿ ಓದಿದ್ದರೆ ಗೊತ್ತಾಗುತ್ತಿತ್ತು. ಎರರ್ ಸಾಲಿನ ಕೊನೆಗೆ ಪುಷ್ಪಾವರಣದೊಳಗೆ "ಐಸಿಆರ್‌ಸಿ" ಅಂತಿದ್ದರೆ ಡಿಸ್ಕಿಗೂ ಬೋರ್ಡಿಗೂ ನಡುವೆ ದಾರಿಯಲ್ಲಿ ಡೇಟಾ ಕೆಟ್ಟಿದೆ, ಅಂದರೆ ಕೇಬಲ್ ಅಥವಾ ಕನೆಕ್ಟರ್. "ಯುಎನ್‌ಸಿ" ಅಂತಿದ್ದರೆ ಡಿಸ್ಕಿನ ಒಳಗೇ ಓದಲು ಆಗುತ್ತಿಲ್ಲ. ಮೂರ್ನಾಲ್ಕು ಅಕ್ಷರಗಳ ವ್ಯತ್ಯಾಸ, ನನಗೆ ಒಂದು ಡಿಸ್ಕಿನ ಬೆಲೆ.

ಯುಎಸ್‌ಬಿ ಡಿಸ್ಕ್ ಆದರೆ ಕೇಬಲ್ ಬದಲಿಸಿ, ಪೋರ್ಟ್ ಬದಲಿಸಿ, ನಡುವಿನ ಹಬ್ ತೆಗೆಯಿರಿ. ಪಿಸಿಯ ಮುಂದಿನ ಪೋರ್ಟ್ ಬಿಟ್ಟು ಹಿಂದಿನದಕ್ಕೆ ಹಾಕಿ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿಆಂಪ್, 3.0 ಆದರೆ 900. ಪುಟ್ಟ 2.5 ಇಂಚಿನ ಡಿಸ್ಕ್ ತಿರುಗಲು ಶುರು ಮಾಡುವಾಗ ಇದಕ್ಕಿಂತ ಜಾಸ್ತಿ ಎಳೆಯಬಲ್ಲದು. ಸಾಲದಿದ್ದರೆ ತಿರುಗುವುದು, ನಿಲ್ಲುವುದು, ಮತ್ತೆ ತಿರುಗುವುದು ಕೇಳಿಸುತ್ತದೆ. ಸ್ವಂತ ಅಡಾಪ್ಟರ್ ಇರುವ ಹಬ್ಬಿಗೆ ಹಾಕಿದಾಗ ಸರಿಹೋದರೆ ಕರೆಂಟಿನದ್ದೇ ತೊಂದರೆ.

ಎರಡು ಎಚ್ಚರಿಕೆ. ದೊಡ್ಡ 3.5 ಇಂಚಿನ ಎಕ್ಸ್‌ಟರ್ನಲ್ ಡಿಸ್ಕಿಗೆ ಬರುವುದು ಸಾಮಾನ್ಯವಾಗಿ 12 ವೋಲ್ಟಿನ ಅಡಾಪ್ಟರ್. ಪಿನ್ ಕೂರುತ್ತದೆ ಅಂತ ಲ್ಯಾಪ್‌ಟಾಪಿನ 19 ವೋಲ್ಟಿನದ್ದನ್ನು ಸಿಕ್ಕಿಸಿದರೆ ಕ್ಷಣದಲ್ಲಿ ಸುಟ್ಟುಹೋಗಬಹುದು. ಪಿಸಿ ಒಳಗೆ ಕೈ ಹಾಕುವ ಮುಂಚೆ ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕಿತ್ತಿಡಿ. ಬಿಡಿ ತಂತಿಗಳ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಇದ್ದರೆ ಅದರ ಜೊತೆ ಬಂದ ತಂತಿಯನ್ನೇ ಬಳಸಿ. ಬೇರೆಯದರ ತಂತಿ ನೋಡಲು ಒಂದೇ ಥರ ಇದ್ದರೂ ಪಿನ್ ಕ್ರಮ ಬೇರೆ ಇರಬಹುದು, ಡಿಸ್ಕ್ ಸುಟ್ಟುಹೋಗಬಹುದು.

ಒಂದು ಫೈಲ್ ತೆರೆದರೆ ಇಡೀ ಯಂತ್ರ ಮರಗಟ್ಟಿದ ಹಾಗೆ ಆಗುತ್ತೆ

ಮೌಸ್ ಓಡುತ್ತದೆ, ಫೈಲ್ ಮ್ಯಾನೇಜರ್ ಬೂದು ಬಣ್ಣಕ್ಕೆ ತಿರುಗುತ್ತದೆ, ಅರ್ಧ ನಿಮಿಷ ಏನೂ ಇಲ್ಲ. ಕಿಲ್ -9 ಕೊಟ್ಟರೂ ಪ್ರೋಗ್ರಾಂ ಸಾಯಲ್ಲ, ಯಾಕೆಂದರೆ ಅದು ಡಿಸ್ಕಿನ ಉತ್ತರಕ್ಕೆ ಕಾಯುತ್ತಾ ಕರ್ನಲ್ ಒಳಗೆ ಸಿಕ್ಕಿಬಿದ್ದಿದೆ. ಒಂದು ಆಜ್ಞೆಗೆ ಕರ್ನಲ್ ಸಾಮಾನ್ಯವಾಗಿ 30 ಸೆಕೆಂಡ್ ಕಾಯುತ್ತದೆ, ಆಮೇಲೆ ಡಿಸ್ಕನ್ನು ರೀಸೆಟ್ ಮಾಡಿ ಮತ್ತೆ ಕೇಳುತ್ತದೆ.

ಈ ಲಕ್ಷಣ ಕಂಡರೆ ಸ್ಮಾರ್ಟ್ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ, ನೋಡಿ. ಸ್ಮಾರ್ಟ್‌ಮಾನ್‌ಟೂಲ್ಸ್ ಪ್ಯಾಕೇಜ್ ಹಾಕಿಕೊಂಡು:

ಸುಡೋ ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಬಿ

ಯುಎಸ್‌ಬಿ ಪೆಟ್ಟಿಗೆಯೊಳಗಿನ ಡಿಸ್ಕ್ ಉತ್ತರ ಕೊಡದಿದ್ದರೆ "-ಡಿ ಸ್ಯಾಟ್" ಸೇರಿಸಿ ನೋಡಿ.

ಮೇಲ್ಗಡೆ "ಪಾಸ್ಡ್" ಅಂತ ಬರುತ್ತದೆ. ಅದನ್ನು ನಂಬಿ ಕೂರಬೇಡಿ. ಗೂಗಲ್‌ನವರು 2007ರಲ್ಲಿ ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಲೆಕ್ಕ ಪ್ರಕಟಿಸಿದರು. ಕೆಟ್ಟ ಡಿಸ್ಕ್‌ಗಳಲ್ಲಿ ಶೇ. 56ಕ್ಕಿಂತ ಜಾಸ್ತಿ ಡಿಸ್ಕ್‌ಗಳು ನಾಲ್ಕು ಮುಖ್ಯ ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ಕೊಡದೆ ಕೆಟ್ಟಿದ್ದವು. ಸ್ಮಾರ್ಟ್ ಕೆಟ್ಟ ಸುದ್ದಿ ಹೇಳಿದರೆ ನಂಬಿ, ಒಳ್ಳೆಯ ಸುದ್ದಿ ಹೇಳಿದರೆ ಅರ್ಧ ನಂಬಿ.

ವರದಿಯ ಕೆಳಭಾಗದ ಕೋಷ್ಟಕದಲ್ಲಿ ಮೊದಲ ಕಾಲಂನಲ್ಲಿರುವುದು ಸಾಲಿನ ನಂಬರ್. ಅದರ ಎದುರು ಕೊನೆಯ ಕಾಲಂ, ಅಂದರೆ ರಾ ವ್ಯಾಲ್ಯೂ ನೋಡಿ. ನಾನು ಮೊದಲು ಹೋಗುವುದು 197ಕ್ಕೆ. ಅದು ಪೆಂಡಿಂಗ್ ಸೆಕ್ಟರ್, ಡಿಸ್ಕ್ ಓದಲು ಹೋಗಿ ಸೋತು "ಆಮೇಲೆ ನೋಡ್ತೀನಿ" ಅಂತ ಬದಿಗಿಟ್ಟ ಜಾಗಗಳ ಎಣಿಕೆ. ಸೊನ್ನೆ ಇರಬೇಕು. ಅಲ್ಲಿದ್ದ ಡೇಟಾ ಈಗಾಗಲೇ ಅಪಾಯದಲ್ಲಿದೆ. 198 ಅದರ ಒಡಹುಟ್ಟು. 5ನೇ ಸಾಲು ಕೆಟ್ಟ ಜಾಗಕ್ಕೆ ಬದಲಿ ಜಾಗ ಕೊಟ್ಟ ಲೆಕ್ಕ. ಎಂಟೋ ಹತ್ತೋ ಇದ್ದು ವರ್ಷಗಟ್ಟಲೆ ಹಾಗೇ ನಿಂತಿರುವ ಡಿಸ್ಕ್‌ಗಳೂ ಉಂಟು. ವಾರದಲ್ಲಿ ಎಂಟು ಇದ್ದದ್ದು ನಲವತ್ತಾದರೆ ಮಾತ್ರ ಇನ್ನು ಯೋಚಿಸುವುದೇನಿಲ್ಲ, ಡೇಟಾ ಎತ್ತಿ. 199 ಕೇಬಲ್ ಎರರ್. ಇದು ಕೇಬಲ್ ಬದಲಿಸಿದರೂ ಸೊನ್ನೆಗೆ ಇಳಿಯುವುದಿಲ್ಲ, ಏರುವುದು ನಿಂತಿತಾ ಅಂತಷ್ಟೇ ನೋಡಬೇಕು.

1 ಮತ್ತು 7ನೇ ಸಾಲಿನಲ್ಲಿ ಕೋಟಿಗಟ್ಟಲೆ ಸಂಖ್ಯೆ ಕಂಡು ಎದೆ ಒಡೆದುಕೊಳ್ಳಬೇಡಿ. ಸೀಗೇಟ್ ಡಿಸ್ಕ್‌ಗಳಲ್ಲಿ ಅದು ಮಾಮೂಲು, ಒಂದೇ ಸಂಖ್ಯೆಯಲ್ಲಿ ಎರಡು ಲೆಕ್ಕ ಸೇರಿಸಿ ಬರೆದಿರುತ್ತಾರೆ.

ಅಂಕಿ ಎಲ್ಲ ಚೆನ್ನಾಗಿದ್ದೂ ಅನುಮಾನ ಉಳಿದರೆ "-ಟಿ ಶಾರ್ಟ್" ಕೊಟ್ಟು ಪರೀಕ್ಷೆ ಮಾಡಿಸಿ, ಎರಡು ನಿಮಿಷ ಹಿಡಿಯುತ್ತದೆ. "-ಟಿ ಲಾಂಗ್" ಗಂಟೆಗಟ್ಟಲೆ ಹಿಡಿಯುತ್ತದೆ, ಡಿಸ್ಕನ್ನು ತುದಿಯಿಂದ ತುದಿಗೆ ಓದುತ್ತದೆ. ಸಾಯುತ್ತಿರುವ ಸುಳಿವು ಈಗಾಗಲೇ ಸಿಕ್ಕಿದ್ದರೆ ಲಾಂಗ್ ಮಾಡಿಸಬೇಡಿ. ಆ ಓದನ್ನು ಡೇಟಾ ತೆಗೆಯಲು ಉಳಿಸಿ.

ಎಸ್‌ಎಸ್‌ಡಿಗೆ ಈ ಲಕ್ಷಣಗಳು ಕಡಿಮೆ. ಅದು ಸದ್ದಿಲ್ಲದೆ ಒಂದು ದಿನ ಬಯಾಸಿನಿಂದಲೇ ಮಾಯವಾಗಬಹುದು.

ಬೂಟ್ ಆಗದೆ ಕಪ್ಪು ಪರದೆಯಲ್ಲಿ "ಇನಿಟ್‌ರಾಮ್‌ಎಫ್‌ಎಸ್" ಅಂತ ನಿಲ್ಲುತ್ತೆ

ಮೇಲೆ ಎಫ್‌ಎಸ್‌ಸಿಕೆಯನ್ನು ಕೈಯಾರೆ ಓಡಿಸಿ ಅಂತ ಬರೆದಿರುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ಹೀಗಾಗಿದ್ದರೆ ಬಹಳ ಸಲ ಅದೇ ಪರಿಹಾರ. ಆದರೂ ತಕ್ಷಣ ಹಾಗೆ ಮಾಡಬೇಡಿ. ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ಮೊದಲು 197, 198 ನೋಡಿ. ಸೊನ್ನೆ ಇದ್ದರೆ, ಪಾರ್ಟಿಶನ್ ಮೌಂಟ್ ಆಗಿಲ್ಲ ಅಂತ ನೋಡಿಕೊಂಡು ಎಫ್‌ಎಸ್‌ಸಿಕೆ ಓಡಿಸಿ. ಮೌಂಟ್ ಆದದ್ದರ ಮೇಲೆ ಓಡಿಸಿದರೆ ಚೆನ್ನಾಗಿದ್ದದ್ದೂ ಕೆಡುತ್ತದೆ. ಸೊನ್ನೆ ಇಲ್ಲದಿದ್ದರೆ ಎಫ್‌ಎಸ್‌ಸಿಕೆ ಬೇಡವೇ ಬೇಡ. ಅದು ಓದಲಾಗದ ಜಾಗವನ್ನು ಖಾಲಿ ಅಂತ ಲೆಕ್ಕ ಹಾಕಿ ಫೋಲ್ಡರ್‌ಗಟ್ಟಲೆ ಕಿತ್ತು ಹಾಕಬಹುದು. ಗೆಳೆಯನನ್ನು ತಡೆದದ್ದು ಇದಕ್ಕೇ.

ಒಂದೂವರೆ ನಿಮಿಷ ಕಾದು "ಎಮರ್ಜೆನ್ಸಿ ಮೋಡ್" ಅಂದರೆ, ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ (ಬೂಟ್ ಆಗುವಾಗ ಮೌಂಟ್ ಮಾಡಬೇಕಾದ ಡಿಸ್ಕ್‌ಗಳ ಪಟ್ಟಿ) ಬರೆದ ಯಾವುದೋ ಡಿಸ್ಕ್ ಸಿಗುತ್ತಿಲ್ಲ ಅಂತ. ಎಕ್ಸ್‌ಟರ್ನಲ್ ಡಿಸ್ಕ್ ಬಿಚ್ಚಿಟ್ಟಿದ್ದೀರೋ ನೋಡಿ. ಆ ಸಾಲಿಗೆ "ನೋಫೇಲ್" ಸೇರಿಸಿದರೆ ಮುಂದೆ ಈ ಕಾಟ ಇಲ್ಲ.

ಸಾಯುತ್ತಿದೆ ಅಂತ ಖಾತ್ರಿ ಆಯ್ತು, ಇನ್ನೂ ಓದುತ್ತಿದೆ

ಫೈಲ್ ಮ್ಯಾನೇಜರಿನಲ್ಲಿ ಎಳೆದು ಬಿಡುವುದು ಬೇಡ. ಕೆಟ್ಟ ಜಾಗ ಸಿಕ್ಕಾಗ ಅದು ಅಲ್ಲೇ ತಿಣುಕುತ್ತದೆ, ಆ ಹೊತ್ತಿಗೆ ಚೆನ್ನಾಗಿರುವ ಜಾಗವೂ ಕೈ ತಪ್ಪಬಹುದು. ಗ್ನೂ ಡಿಡಿರೆಸ್ಕ್ಯೂ ಇದಕ್ಕೆಂದೇ ಇದೆ. ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜಿನ ಹೆಸರಿಗೆ ಮುಂದೊಂದು ಜಿ ಸೇರಿಸಿ, ಜಿಡಿಡಿರೆಸ್ಕ್ಯೂ. ಕೆಟ್ಟ ಡಿಸ್ಕಿಗಿಂತ ಹೆಚ್ಚು ಖಾಲಿ ಜಾಗ ಇರುವ ಇನ್ನೊಂದು ಡಿಸ್ಕ್ ಬೇಕು.

ಸುಡೋ ಡಿಡಿರೆಸ್ಕ್ಯೂ -ಡಿ -ಎನ್ /ಡೆವ್/ಎಸ್‌ಡಿಬಿ ನಕಲು.ಇಮೇಜ್ ನಕಲು.ಮ್ಯಾಪ್

ಮೊದಲು ಕೆಟ್ಟ ಡಿಸ್ಕ್, ಆಮೇಲೆ ನಕಲು. ತಿರುಗುಮುರುಗಾದರೆ ಇದ್ದದ್ದೂ ಹೋಯಿತು. ಎಂಟರ್ ಒತ್ತುವ ಮುಂಚೆ ಜೋರಾಗಿ ಒಮ್ಮೆ ಓದಿಕೊಳ್ಳಿ, ನಾನು ಈಗಲೂ ಓದುತ್ತೇನೆ. ಮೊದಲ ಸುತ್ತಿನಲ್ಲಿ ಅದು ಸುಲಭದ ಜಾಗಗಳನ್ನೆಲ್ಲ ಎತ್ತಿಕೊಂಡು, ಕಷ್ಟದ್ದನ್ನು ಮ್ಯಾಪ್ ಫೈಲಿನಲ್ಲಿ ಗುರುತು ಹಾಕಿ ಮುಂದೆ ಹೋಗುತ್ತದೆ. ಕರೆಂಟ್ ಹೋದರೂ ಚಿಂತೆ ಇಲ್ಲ, ಅದೇ ಆಜ್ಞೆ ಕೊಟ್ಟರೆ ಬಿಟ್ಟಲ್ಲಿಂದ ಶುರು. ಆರೋಗ್ಯವಾದ 1 ಟಿಬಿ ಡಿಸ್ಕ್ ಸೆಕೆಂಡಿಗೆ 100 ಎಂಬಿ ಓದಿದರೆ ಮೂರು ಗಂಟೆಯೊಳಗೆ ಮುಗಿಯಬೇಕು. ಗೆಳೆಯನ ಡಿಸ್ಕ್ ಮೊದಲರ್ಧ ಹಾಗೇ ಓಡಿತು, ಆಮೇಲೆ ತೆವಳಿತು. ಟೇಬಲ್ ಫ್ಯಾನನ್ನು ಅದರ ಮೇಲೆ ತಿರುಗಿಸಿಟ್ಟು ಮಲಗಿದೆವು.

ಎರಡನೇ ಸುತ್ತಿಗೆ "-ಎನ್" ತೆಗೆದು "-ಆರ್3" ಹಾಕಿ, ಉಳಿದ ಜಾಗಗಳನ್ನು ಮೂರು ಸಲ ಪ್ರಯತ್ನಿಸುತ್ತದೆ. ರಿಪೇರಿ ಏನಿದ್ದರೂ ಇನ್ನು ನಕಲಿನ ಮೇಲೆ. ಫೈಲ್‌ಸಿಸ್ಟಮ್ ಎದ್ದು ನಿಲ್ಲದಿದ್ದರೆ ಟೆಸ್ಟ್‌ಡಿಸ್ಕ್, ಅದೂ ಆಗದಿದ್ದರೆ ಫೋಟೋರೆಕ್. ಫೋಟೋರೆಕ್ ಫೈಲಿನ ಹೆಸರು, ಫೋಲ್ಡರ್ ಎಲ್ಲ ಬಿಟ್ಟು ಬರೀ ಒಡಲನ್ನು ಹೆಕ್ಕಿ ಕೊಡುತ್ತದೆ, ಯಾವುದು ಯಾರ ಮದುವೆ ಅಂತ ನೀವೇ ನೋಡಿ ವಿಂಗಡಿಸಬೇಕು.

ಟಕ್, ಟಕ್, ಟಕ್ ಸದ್ದು

ಆಫ್ ಮಾಡಿ. ಇನ್ನೊಂದು ಸಲ ನೋಡೋಣ ಅನ್ನುವುದು ಬೇಡ. ಓದುವ ತಲೆ ತನ್ನ ಜಾಗ ಸಿಗದೆ ಹೊಡೆದುಕೊಳ್ಳುತ್ತಿದೆ. ತಟ್ಟೆಯ ಮೇಲೆ ಅದು ತೇಲುವುದು ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ. ತಾಗಿದರೆ ಲೇಪ ಕೆರೆದು ಬರುತ್ತದೆ, ಆ ಪುಡಿ ಇನ್ನಷ್ಟು ಕಡೆ ಕೆರೆಯುತ್ತದೆ. ಬಿದ್ದ ಡಿಸ್ಕ್, ನೀರು ಕುಡಿದ ಡಿಸ್ಕ್, ಸುಟ್ಟ ವಾಸನೆ ಬರುವ ಡಿಸ್ಕಿಗೂ ಇದೇ ಮಾತು. ಫ್ರೀಜರಿನಲ್ಲಿಡುವ ಹಳೆಯ ಉಪಾಯ ಮಾಡಬೇಡಿ, ಹೊರಗೆ ತೆಗೆದ ಕೂಡಲೇ ಒಳಗೆ ನೀರಿನ ಪಸೆ ಕೂರುತ್ತದೆ. ಮುಚ್ಚಳ ಬಿಚ್ಚಿ ನೋಡುವುದಂತೂ ಬೇಡವೇ ಬೇಡ.

ಡೇಟಾ ಬೆಲೆಬಾಳುವಂಥದ್ದಾದರೆ ಕ್ಲೀನ್ ರೂಮ್ ಇರುವ ಡೇಟಾ ರಿಕವರಿಯವರಿಗೆ ಕೊಡಿ. ಕೊಡುವ ಮುಂಚೆ ನೋಡುವ ಶುಲ್ಕ ಎಷ್ಟು, ಡೇಟಾ ಸಿಗದಿದ್ದರೆ ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ. ಕೊರಿಯರ್ ಮಾಡುವುದಾದರೆ ಆ್ಯಂಟಿ ಸ್ಟ್ಯಾಟಿಕ್ ಕವರಿನಲ್ಲಿ ಹಾಕಿ, ಸುತ್ತ ದಪ್ಪಗೆ ಬಬಲ್ ರ‍್ಯಾಪ್ ಸುತ್ತಿ. ಏನಾಯಿತು, ಯಾವ ಆಜ್ಞೆ ಓಡಿಸಿದಿರಿ ಅಂತ ಒಂದು ಚೀಟಿಯಲ್ಲಿ ಮುಚ್ಚುಮರೆ ಇಲ್ಲದೆ ಬರೆಯಿರಿ. ಡಿಸ್ಕ್ ಲಕ್ಸ್ ಅಥವಾ ಬಿಟ್‌ಲಾಕರ್‌ನಲ್ಲಿದ್ದರೆ ಅದನ್ನೂ ಹೇಳಿ, ಪಾಸ್‌ವರ್ಡ್ ಮಾತ್ರ ಆ ಚೀಟಿಯಲ್ಲಿ ಬೇಡ. ಅವರು ನಕಲು ತೆಗೆದು ಕೊಟ್ಟ ಮೇಲೆ ಮನೆಯಲ್ಲಿ ಕೂತು ನೀವೇ ತೆರೆಯಬಹುದು.